ಏನ್ ಹಾಕ್ಲಿ ಅಂದರು ಕಾಕಾ

16 ಫೆಬ್ರವರಿ 2025, ಭಾನುವಾರ
ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ

ಬೆಳಿಗ್ಗೆ ಐದಕ್ಕೇ ಪಕ್ಕದ ಮನೆ ಕಾಕಾ ಬಂದು ಬಾಗಿಲು ಬಡಿದರು. "ಮೀನ ಸಾಯ್ಲತ್ತಾವ ಅವ್ವಾ. ಏನ್ ಹಾಕ್ಲಿ ಹೇಳು." ಕೈಯಲ್ಲಿ ಒಂದು ಚೀಲ. ಒಳಗೆ ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ಪುಡಿ, ತೊಗರಿಗೆ ಹೊಡೆದು ಉಳಿದ ಕೀಟನಾಶಕ, ಒಂದಿಷ್ಟು ಸುಣ್ಣ. ಮೂರರಲ್ಲಿ ಯಾವುದಾದರೂ ನಾಟೀತು ಅನ್ನೋ ಆಸೆ.

ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಎಂ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆಯ ಸ್ನಾತಕೋತ್ತರ ಪದವಿ, ಎರಡನೇ ವರ್ಷ. ಜಲಚರಗಳ ಆರೋಗ್ಯ ನಿರ್ವಹಣೆ ನನ್ನ ವಿಷಯ. ವಿಶ್ವವಿದ್ಯಾಲಯದ ಕಚೇರಿ ಇಲ್ಲೇ ಬೀದರಿನ ನಂದಿನಗರದಲ್ಲಿದೆ. 1969ರಲ್ಲಿ ಶುರುವಾದ ಈ ಕಾಲೇಜು ಮಾತ್ರ ರಾಜ್ಯದ ಇನ್ನೊಂದು ತುದಿಯಲ್ಲಿದೆ. ಅಲ್ಲಿಗೆ ಹೋಗುವ ತನಕ ನಾನು ಜೀವಂತ ಸಿಗಡಿಯನ್ನೇ ನೋಡಿರಲಿಲ್ಲ.

ಕಾಕಾನಿಗೆ ನಾನು ಕೇಳಿದ್ದು ಒಂದೇ. ಯಾವ ಹೊತ್ತಿಗೆ ಹೀಗಾಗುತ್ತೆ? ಅವರು ತುಸು ಯೋಚಿಸಿದರು. ನಸುಕಿನಲ್ಲಿ ಎಲ್ಲ ಮೀನೂ ಮೇಲೆ ಬಂದು ಬಾಯಿ ತೆರೆಯುತ್ತವೆ, ಬಿಸಿಲೇರಿದರೆ ಕೆಳಗೆ ಹೋಗುತ್ತವೆ. ಆದರೆ ಕೆಲವು ಮೀನು ಹಗಲಿಡೀ ಎಗರುತ್ತವೆ, ಹೊಂಡದ ಅಂಚಿಗೆ ಮೈ ತಿಕ್ಕುತ್ತವೆ. ಅಲ್ಲಿಗೆ ಅರ್ಧ ಗೊತ್ತಾಯಿತು. ತೊಂದರೆ ಒಂದಲ್ಲ, ಎರಡು.

ಹೊತ್ತು ಹುಟ್ಟುವ ಮೊದಲೇ ಹೊಂಡಕ್ಕೆ ಹೋದೆವು. ಕೃಷಿ ಹೊಂಡ, ಪ್ಲಾಸ್ಟಿಕ್ ಹಾಸಿದ್ದು. ನೀರು ಗಾಢ ಹಸಿರು. ನೀರು ಪರೀಕ್ಷೆಯ ಕಿಟ್ ಹಾಕಿ ನೋಡಿದರೆ ಆಮ್ಲಜನಕ ಲೀಟರಿಗೆ ಎರಡು ಮಿಲಿಗ್ರಾಂ ಸುತ್ತಮುತ್ತ. ಮೀನಿಗೆ ಐದಾದರೂ ಬೇಕು. ಹಗಲು ಆಮ್ಲಜನಕ ಬಿಡುವ ಪಾಚಿಯೇ ರಾತ್ರಿಯಿಡೀ ಅದನ್ನು ಉಸಿರಾಡಿ ಮುಗಿಸುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚಿನ ಗಳಿಗೆಯೇ ಮೀನಿಗೆ ಕಷ್ಟದ್ದು. ಹತ್ತು ಗಂಟೆಗೆ ಬಂದು ನೀರು ನೋಡಿದವರಿಗೆ ಎಲ್ಲ ಚೆನ್ನಾಗೇ ಕಾಣುತ್ತದೆ.

ಆಮೇಲೆ ಒಂದು ರೋಹು ಹಿಡಿದು ಒದ್ದೆ ಬಟ್ಟೆ ಮೇಲೆ ಮಲಗಿಸಿದೆ. ಕಿವಿರು ಎತ್ತಿದರೆ ಒಳ್ಳೆ ಕೆಂಪು. ರೆಕ್ಕೆಯ ಬುಡದಲ್ಲಿ ರಕ್ತದ ಚುಕ್ಕೆ. ಅದರ ಪಕ್ಕದಲ್ಲೇ ತೊಗರಿಬೇಳೆಯಷ್ಟು ಚಪ್ಪಟೆ, ಪಾರದರ್ಶಕವಾದ ಏನೋ ಅಂಟಿತ್ತು. ಉಗುರಿನಿಂದ ತಳ್ಳಿದೆ, ಸರಸರ ಅಂತ ಜರುಗಿತು. ಕಾಕಾ ಬೆಚ್ಚಿದರು. ಅದನ್ನು ಬಿಡಿಸಿ ಅಂಗೈಯಲ್ಲಿ ನೀರು ತುಂಬಿ ಬಿಟ್ಟೆ. ಎರಡು ಕಪ್ಪು ಕಣ್ಣು, ಕೆಳಗೆ ಗುಂಡಗಿನ ಎರಡು ಹೀರುಬಟ್ಟಲು. ಗಿರಗಿರ ತಿರುಗುತ್ತಾ ಈಜಿತು. ಆರ್ಗ್ಯುಲಸ್, ಅಂದರೆ ಮೀನಿನ ಹೇನು. ಜೊತೆಗೆ ಸಾಕುವ ಕಾಟ್ಲಾ, ಮೃಗಾಲ್ ಮೀನಿಗಿಂತ ರೋಹುವಿಗೇ ಇದರ ಕಾಟ ಜಾಸ್ತಿ.

ಕಾಕಾ ತಂದ ಆಂಟಿಬಯೋಟಿಕ್ ಪುಡಿ ಬ್ಯಾಕ್ಟೀರಿಯಾಕ್ಕೆ, ಹೇನಿಗಲ್ಲ. ತೊಗರಿ ಔಷಧಿ ಹೇನನ್ನು ಕೊಂದರೂ ಕೊಲ್ಲಬಹುದು. ಆದರೆ ಕಾಟ್ಲಾ ತಿನ್ನುವ ಸಣ್ಣ ಸಣ್ಣ ಜೀವಗಳೆಲ್ಲ ಮೊದಲು ಸಾಯುತ್ತವೆ. ಸ್ವಲ್ಪ ಹೆಚ್ಚಾದರೆ ಮೀನೇ ಹೋಗುತ್ತವೆ. ಇವರ ಎಮ್ಮೆಗಳು ಕುಡಿಯುವುದೂ ಅದೇ ನೀರು. ಎರಡನ್ನೂ ವಾಪಸ್ ಚೀಲಕ್ಕೆ ಹಾಕಿಸಿದೆ.

ಸುಣ್ಣದ ವಿಷಯದಲ್ಲಿ ಕಾಕಾ ಬಿಡಲಿಲ್ಲ. ಮೀನು ಸತ್ತರೆ ಸುಣ್ಣ ಅನ್ನೋದು ಎಲ್ಲರ ಬಾಯಲ್ಲೂ ಇದೆ. ಆ ಹೆಸರು ಸುಮ್ನೆ ಬಂದದ್ದಲ್ಲ. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಕೆಂಪು ಹುಣ್ಣಿನ ರೋಗಕ್ಕೆ ರೈತರ ಕೈಗೆ ಸಿಕ್ಕಿದ್ದು ಸುಣ್ಣವೇ. ಇಲ್ಲಿ ಹುಣ್ಣಿನ ರೋಗ ಇಲ್ಲ. ಸಂಜೆ ಮತ್ತೆ ಹೋಗಿ ಪಿಎಚ್ ನೋಡಿದೆ, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ. 9 ಇತ್ತು. ಪಿಎಚ್ 7 ಇದ್ದಾಗ ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷವಾಗಿರುವುದಿಲ್ಲ. 9ಕ್ಕೆ ಏರಿದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ವಿಷ. ಅದಕ್ಕೆ ಸುಣ್ಣ ಸುರಿದಿದ್ದರೆ ಪಿಎಚ್ ಇನ್ನೂ ಏರುತ್ತಿತ್ತು. ಇದನ್ನು ಬರೆಯುವಾಗಲೂ ಎದೆ ಝಲ್ ಅನ್ನುತ್ತಿದೆ. ಅವರು ಬೆಳಿಗ್ಗೆ ನಮ್ಮ ಮನೆಗೆ ಬರದೆ ನೇರ ಹೊಂಡಕ್ಕೆ ಹೋಗಿದ್ದರೆ?

ಓದಲು ಸೇರಿದಾಗ ನಾನೂ ಕಾಕಾನ ಹಾಗೇ ಇದ್ದೆ. ರೋಗದ ಎದುರಿಗೆ ಔಷಧಿ ಬರೆದ ಪಟ್ಟಿ ಸಿಗುತ್ತೆ ಅಂದುಕೊಂಡಿದ್ದೆ. ಆ ಯೋಚನೆ ಬಿಡಿಸಿದ್ದು ಸಿಗಡಿ. ಬಿಳಿ ಚುಕ್ಕೆ ರೋಗದ ಸಿಗಡಿಯ ತಲೆಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದ ದಿನ ನೆನಪಿದೆ. ಒಳಮೈಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು. ಅದು ವೈರಸ್. ಹೊಂಡಕ್ಕೆ ಬಂದರೆ ಮೂರರಿಂದ ಹತ್ತು ದಿನದಲ್ಲಿ ಪೂರ್ತಿ ಬೆಳೆ ಹೋಗಬಹುದು. ಔಷಧಿ ಇಲ್ಲ. ನಮ್ಮ ಮೈಯಲ್ಲಿರುವಂಥ ಆಂಟಿಬಾಡಿ ಸಿಗಡಿಗಿಲ್ಲ, ಹಾಗಾಗಿ ನಮಗೆ ಹಾಕುವಂಥ ಲಸಿಕೆಯೂ ನಡೆಯುವುದಿಲ್ಲ. ಮರಿಯಲ್ಲಿ ವೈರಸ್ ಇದೆಯಾ ಅಂತ ಪಿಸಿಆರ್ ಪರೀಕ್ಷೆ ಮಾಡಿಸಿ ಬಿಡಬೇಕು, ನೀರು ಕಾಯಬೇಕು, ವೈರಸ್ ಹೊತ್ತು ತರುವ ಏಡಿ ನುಗ್ಗದ ಹಾಗೆ ಬೇಲಿ ಕಟ್ಟಬೇಕು. ಮೊದಲ ಸೆಮಿಸ್ಟರಿನಲ್ಲಿ ಅದು ನಿರಾಸೆ ಅನಿಸಿತ್ತು. ಈಗ ಅದೇ ಈ ಓದಿನ ಜೀವ ಅನಿಸುತ್ತೆ.

ಕಾಕಾನಿಗೆ ಹೇಳಿದ್ದು ಇಷ್ಟು. ಎರಡು ದಿನ ಮೇವು ಬಂದ್. ರಾತ್ರಿ ಕರೆಂಟ್ ಇದ್ದಾಗ ಬೋರಿನ ನೀರು ಬಿಡಿ, ಆದರೆ ಪೈಪ್ ಎತ್ತರಕ್ಕೆ ಕಟ್ಟಿ ಚಿಮ್ಮಿಸಿ. ನೆಲದಾಳದ ನೀರಿನಲ್ಲೂ ಆಮ್ಲಜನಕ ಕಡಿಮೆ, ಗಾಳಿಯಲ್ಲಿ ಒಡೆದು ಬಿದ್ದರೆ ಮಾತ್ರ ಪ್ರಯೋಜನ. ಬಲೆಗೆ ಸಿಕ್ಕ ಹೇನಿನ ಮೀನಿಗೆ ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ಟಬ್ಬಿನಲ್ಲಿ ಎರಡು ನಿಮಿಷ ಸ್ನಾನ. ಮೀನು ಒದ್ದಾಡಿದರೆ ತಕ್ಷಣ ತೆಗೆಯಿರಿ. ಮತ್ತೆ ಹೊಂಡದ ತುಂಬ ಬಿದಿರು ಗಳ ಇಳಿಬಿಡಿ.

"ಬಿದಿರ್ ಯಾಕವ್ವಾ?" ಅಂದರು. ಹೆಣ್ಣು ಹೇನು ಮೊಟ್ಟೆ ಇಡಲು ಮೀನನ್ನು ಬಿಟ್ಟು ಗಟ್ಟಿ ಜಾಗ ಹುಡುಕಿಕೊಂಡು ಹೋಗುತ್ತೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಆದರೂ ಮಧ್ಯಾಹ್ನದೊಳಗೆ ಹತ್ತು ಗಳ ತಂದು, ಕಲ್ಲು ಕಟ್ಟಿ ಇಳಿಸಿದರು.

20 ಫೆಬ್ರವರಿ, ಗುರುವಾರ

ನಸುಕಿನಲ್ಲಿ ಬಾಯಿ ತೆರೆಯುವ ಮೀನು ಕಡಿಮೆಯಾಗಿವೆ. ಸಾವು ನಿಂತಿಲ್ಲ, ಇವತ್ತೂ ಎರಡು. ಹೇನು ಕಚ್ಚಿದ ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿರಬೇಕು. ಅದನ್ನು ಪರೀಕ್ಷೆ ಮಾಡಲು ಒಂದರ ಕಿಡ್ನಿಯ ಚೂರು ತೆಗೆದಿಟ್ಟುಕೊಂಡಿದ್ದೇನೆ.

ಮಧ್ಯಾಹ್ನ ಕಾಕಾ ಮೊದಲ ಗಳ ಎತ್ತಿದರು. ನೀರಿಳಿದ ಮೇಲೆ ಬಿದಿರಿನ ನುಣುಪಿನ ಮೇಲೆ ಸಾಲು ಸಾಲಾಗಿ ಸಣ್ಣ ಹಳದಿ ಕಾಳು, ಲೋಳೆಯಲ್ಲಿ ಅಂಟಿಸಿಟ್ಟ ಹಾಗೆ. ಅವರು ಬಾಗಿ ಬೆರಳಿನಿಂದ ಒಂದು ಸಾಲು ಮುಟ್ಟಿ ಎಣಿಸತೊಡಗಿದರು. ನಲವತ್ತರ ತನಕ ಎಣಿಸಿ ಬಿಟ್ಟರು. ಆಮೇಲೆ ಮಾತಾಡದೆ ಹತ್ತೂ ಗಳ ಎಳೆದು, ಮೊಟ್ಟೆ ಒಣಗಲಿ ಅಂತ ಬಿಸಿಲಿಗೆ ಬದುವಿನ ಮೇಲೆ ಸಾಲಾಗಿ ಮಲಗಿಸಿದರು. "ಮತ್ತ ಯಾವಾಗ ಇಳಸ್ಲಿ?" ಅಂತ ಕೇಳಿದರು.