ಎಐ ಆನ್ ಇದ್ದರೆ ಮೆಮೊರಿ ಸವೆಯುತ್ತದೆಯೇ?

"ಅಣ್ಣಾ, ಈ ಎಐ ಆನ್ ಇಟ್ರೆ ಮೆಮೊರಿ ಬೇಗ ಹಾಳಾಗುತ್ತಾ?" ದಾವಣಗೆರೆಯ ಮೊಬೈಲ್ ಅಂಗಡಿಗಳಲ್ಲಿ ಕೇಳಲೇಬೇಕಾದ ಒಳ್ಳೆಯ ಪ್ರಶ್ನೆ.

ಫೋನಿನ ಸ್ಟೋರೇಜ್ ಆಗಿರುವ ಫ್ಲಾಶ್ ಚಿಪ್ ಸವೆಯುವುದು ಬರೆದು ಅಳಿಸುವುದರಿಂದ. ಡೌನ್‌ಲೋಡ್ ಆದ ಎಐ ಮಾಡೆಲ್ ಸ್ಟೋರೇಜ್‌ನಿಂದ ರ‍್ಯಾಮ್‌ಗೆ ಬರುವುದು ಬರೀ ಓದು, ಅದರಿಂದ ಸವೆತ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ಹಾಕಿ: 128 ಜಿಬಿ ಚಿಪ್ ಪೂರ್ತಿ ಬರೆದು ಅಳಿಸುವುದನ್ನು 1000 ಸಲ ತಾಳಿದರೂ 128 ಟಿಬಿ ಬರೆಯಬಹುದು. ದಿನಕ್ಕೆ 20 ಜಿಬಿಯಂತೆ 17 ವರ್ಷ. ಚಿಪ್ಪಿನ ಒಳಗಿನ ಹೆಚ್ಚುವರಿ ಬರಹದಿಂದ ಅದು ಅರ್ಧಕ್ಕಿಳಿದರೂ ಬ್ಯಾಟರಿಯೇ ಮೊದಲು ಸೋಲುತ್ತದೆ.

ನಿಜವಾದ ತೊಂದರೆ ಜಾಗದ್ದು. ಐಫೋನಿನ ಎಐ ಆದ ಆಪಲ್ ಇಂಟೆಲಿಜೆನ್ಸ್ ಒಂದಕ್ಕೇ 7 ಜಿಬಿ ಖಾಲಿ ಬೇಕು. ಸ್ಟೋರೇಜ್ ತುಂಬಿ ತುಳುಕುವಾಗ ಚಿಪ್ಪನ್ನು ನಿಭಾಯಿಸುವ ಕಂಟ್ರೋಲರ್ ಖಾಲಿ ಬ್ಲಾಕ್ (ಒಟ್ಟಿಗೆ ಅಳಿಸುವ ಭಾಗ) ಮಾಡಿಕೊಳ್ಳಲು ಇದ್ದ ಡೇಟಾವನ್ನೇ ಅಲ್ಲಿಂದಿಲ್ಲಿಗೆ ಎತ್ತಿಡುತ್ತದೆ. ಒಂದು ಫೋಟೊ ಉಳಿಸಲು ಹಲವು ಪಟ್ಟು ಬರಹ! ಫೋನ್ ನಿಧಾನವಾಗುವುದೂ ಆಗಲೇ. ಶೇ 15–20 ಜಾಗ ಖಾಲಿ ಬಿಡಿ, ಬಳಸದ ಎಐ ಫೀಚರ್ ಆಫ್ ಮಾಡಿ.

ರ‍್ಯಾಮ್ ಕಡಿಮೆಯಿರುವ ಫೋನಿನಲ್ಲಿ ಸೆಟ್ಟಿಂಗ್ಸ್‌ನ 'ವರ್ಚುವಲ್ ರ‍್ಯಾಮ್' ಕೂಡ ನೋಡಿ. ಅದು ಸ್ಟೋರೇಜ್ ಮೇಲೇ ಬರೆಯುತ್ತದೆ, ಬೇಡವಾದರೆ ತೆಗೆದುಬಿಡಿ.

ಇನ್ನು ಶಾಖ. ಏಪ್ರಿಲ್ ಬಿಸಿಲಲ್ಲಿ ಪಿ.ಬಿ. ರಸ್ತೆಯಲ್ಲಿ ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ಎಐ ಫೋಟೊ ಎಡಿಟಿಂಗ್ ದಯವಿಟ್ಟು ಬೇಡ, ಮನೆಗೆ ಹೋಗಿ ನೆರಳಲ್ಲಿ ಮಾಡಿ.