ಒಂದು ಗಂಟೆ ಮಾತಾಡಬೇಡಿ

"ಒಂದು ಗಂಟೆ ಮಾತಾಡಬೇಡಿ ಅಜ್ಜಾ, ಸುಮ್ನೆ ಮಲಗಿರಿ."

ಮಂಗಳವಾರ ಅಪ್ಪನ ಕ್ಯಾನ್ಸರ್ ನೋಡುವ ಪೆಟ್-ಸಿಟಿ ಸ್ಕ್ಯಾನ್‌ಗೆ ಮೊದಲು ಸೂಜಿ ಚುಚ್ಚಿದ ಹುಡುಗಿ ಅವರಿಗೆ ಹೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ತಾಳಮದ್ದಳೆಯಲ್ಲಿ ಬೆಳಗಿನ ತನಕ ಅರ್ಥ ಹೇಳಿದ ಜೀವ ಅದು. ಕುಮಟಾದಿಂದ ಮಂಗಳೂರಿನವರೆಗೆ ಖಾಲಿ ಹೊಟ್ಟೆಯಲ್ಲೂ ಮಾತು ನಿಲ್ಲಿಸಿರಲಿಲ್ಲ. ಬಾಗಿಲ ಗಾಜಿನಿಂದ ನೋಡಿದೆ. ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು, ತುಟಿ ಬಿಗಿಹಿಡಿದು ಮಲಗಿದ್ದರು.

ಚುಚ್ಚುವುದು ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಮಾತಾಡಿದರೆ ಗಂಟಲಿನ ಸ್ನಾಯುಗಳೂ ಅದನ್ನು ಎಳೆದುಕೊಂಡು ಹೊಳೆಯುತ್ತವಂತೆ. ಪೆಟ್-ಸಿಟಿಯಲ್ಲಿ ಎರಡು ಸ್ಕ್ಯಾನ್ ಒಟ್ಟಿಗೆ. ಗಡ್ಡೆ ಎಲ್ಲಿದೆ, ಎಷ್ಟಿದೆ ಅಂತ ಸಿಟಿ ತೋರಿಸುತ್ತದೆ. ಎಷ್ಟು ಸಕ್ಕರೆ ತಿನ್ನುತ್ತಿದೆ ಅಂತ ಪೆಟ್ ತೋರಿಸುತ್ತದೆ.

ಮರುದಿನ ಡಾಕ್ಟರು ಚಿತ್ರ ತೆರೆದರು. "ಶ್ವಾಸಕೋಶದ ಚುಕ್ಕೆ ದೊಡ್ಡದಾಗಿ ಕಾಣ್ತಿದೆ. ಕಾಯಿಲೆ ಬೆಳೆದಿದೆ ಅಂತ ಈಗಲೇ ಹೇಳೋಕಾಗಲ್ಲ." ಆ ಎರಡು ವಾಕ್ಯದ ನಡುವೆ ನನ್ನ ಜೀವ ಹೋಗಿ ಬಂತು. ಅಪ್ಪನಿಗೆ ಕೊಡುತ್ತಿರುವ ಇಮ್ಯುನೊಥೆರಪಿ ಔಷಧಿ ಗಡ್ಡೆಯನ್ನು ನೇರವಾಗಿ ಸುಡುವುದಿಲ್ಲ. ನಮ್ಮದೇ ರಕ್ಷಣಾ ಕಣಗಳಿಗೆ ಹಾಕಿದ ಬ್ರೇಕ್ ಬಿಡಿಸುತ್ತದೆ. ಆ ಬ್ರೇಕ್ ಬಿಡಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಮಾಡಬಹುದು ಅಂತ ಕಂಡುಹಿಡಿದ ವಿಜ್ಞಾನಿಗಳಾದ ಆಲಿಸನ್, ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಬ್ರೇಕ್ ಬಿಟ್ಟ ಕಣಗಳು ಗಡ್ಡೆಗೆ ಮುತ್ತಿಗೆ ಹಾಕಿದಾಗ ಗಡ್ಡೆ ದೊಡ್ಡದಾಗಿ ಕಾಣಬಹುದು, ಅವೂ ಸಕ್ಕರೆ ತಿನ್ನುತ್ತವೆ. ಕಾಯಿಲೆಯೂ ಹೊಳೆಯುತ್ತದೆ, ಕಾಯುವವರೂ ಹೊಳೆಯುತ್ತಾರೆ! ಹೀಗಾಗುವುದು ಕೆಲವರಿಗೆ ಮಾತ್ರ, ಹೆಚ್ಚಿನವರಲ್ಲಿ ಬೆಳೆದಿದ್ದು ಬೆಳೆದಿದ್ದೇ. ಅದನ್ನೂ ಡಾಕ್ಟರು ಮುಚ್ಚಿಡಲಿಲ್ಲ. ಅವರ ಮೇಲೆ ಗೌರವ ಜಾಸ್ತಿಯಾಯಿತು. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಊಟ ಸೇರುತ್ತಿದೆ. ಹಾಗಾಗಿ ಔಷಧಿ ನಿಲ್ಲಿಸದೆ ಆರು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಥೈರಾಯ್ಡ್ ಕೂಡ ಹೊಳೆಯುತ್ತಿತ್ತು. ಅದು ಔಷಧಿಯ ಅಡ್ಡಪರಿಣಾಮ ಇರಬಹುದು ಅಂತ ರಕ್ತ ಪರೀಕ್ಷೆಗೆ ಬರೆದರು.

ದೊಡ್ಡಮ್ಮನ ಮಗ ಫೋನಿನಲ್ಲಿ ರಿಪೋರ್ಟ್ ಓದಿ, "ಔಷಧಿ ನಾಟಿಲ್ಲ, ಗೋವಾಕ್ಕೆ ಕರ್ಕೊಂಡು ಹೋಗು" ಅಂದ. ಒಳ್ಳೆಯವನೇ, ಆದರೆ ಎಲ್ಲದಕ್ಕೂ ಅವಸರ. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಅಲೆಯುವುದು ನಮ್ಮ ಜಿಲ್ಲೆಯವರ ಹಣೆಬರಹ. ಅಲೆದು ಅಲೆದು ಕಾಯುವ ತಾಳ್ಮೆಯೇ ಹೋಗಿಬಿಟ್ಟಿದೆ, ಅಲ್ವಾ?

ಅಪ್ಪ ಚಿತ್ರದ ಮೇಲ್ತುದಿಗೆ ಬೆರಳಿಟ್ಟು ಡಾಕ್ಟರನ್ನು ಕೇಳಿದ್ದರು, "ಇಲ್ಲಿ ಇಷ್ಟು ಬೆಳಕು ಯಾಕೆ?"

"ಮಿದುಳು. ಅದು ಎಲ್ಲರಿಗೂ ಹೊಳೆಯುತ್ತೆ. ಸುಮ್ನೆ ಮಲಗಿದ್ರೂ ಅದಕ್ಕೆ ಸಕ್ಕರೆ ಬೇಕು."

ವಾಪಸ್ ಬರುವಾಗ ಹೊನ್ನಾವರದ ಶರಾವತಿ ಸೇತುವೆ ಹತ್ತುವವರೆಗೂ ಅಪ್ಪ ಮಾತಾಡಲಿಲ್ಲ. ಆಮೇಲೆ ಹೊಳೆ ನೋಡುತ್ತಾ ಹೇಳಿದರು, "ಆ ಒಂದು ಗಂಟೆ ಮನಸ್ಸಿನಲ್ಲೇ ಕರ್ಣನ ಅರ್ಥ ಹೇಳ್ತಾ ಇದ್ದೆ. ರಥದ ಗಾಲಿ ಹೂತುಹೋಗಿತ್ತು, ಅಷ್ಟರಲ್ಲಿ ಕರೆದುಬಿಟ್ರು."