ಬಟ್ಟೆ ಪುಸ್ತಕ: ಆರು ಶನಿವಾರಗಳ ಲೆಕ್ಕ

1ನೇ ಶನಿವಾರ

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಅಂಗನವಾಡಿಯಲ್ಲಿ ಈ ವರ್ಷ ಶೆಡ್ಡಿನ ಮಕ್ಕಳೇ ಹೆಚ್ಚು. ಹಿಂದಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಕೆಲಸಕ್ಕೆ ಬಂದವರು ರಾಯಚೂರು ಕಡೆಯವರು, ಲಿಂಗಸುಗೂರಿನ ತಾಂಡಾದವರು, ಜೊತೆಗೆ ಎರಡು ಬಂಗಾಳಿ ಮನೆ. "ಇವಕ್ಕೆ ಕನ್ನಡವೇ ಬರಲ್ಲ ಮೇಡಂ, ಬಾಯೇ ಬಿಡಲ್ಲ" ಅಂದರು ಟೀಚರ್. ಟೈಲರ್ ಅಂಗಡಿಯ ಚೂರು ಬಟ್ಟೆಯಲ್ಲಿ ತರಕಾರಿ, ಪಾತ್ರೆ ಹೊಲಿದು ಒಂದು ಪುಸ್ತಕ ಮಾಡಿಕೊಡುತ್ತೇನೆ ಅಂದೆ. ಪ್ರತಿ ಹಾಳೆಯ ಕೆಳಗೆ ಕಸೂತಿಯಲ್ಲಿ ಹೆಸರು.

2ನೇ ಶನಿವಾರ

ಟೊಮೆಟೊ, ಚೊಂಬು, ಈರುಳ್ಳಿ, ಮೀನು ಮುಗಿದವು. ಮೀನಿನ ಕಣ್ಣಿಗೆ ಹಾಕಿದ್ದ ಗುಂಡಿ ಕಿತ್ತೆ. ಅಕ್ಕನ ಸೊಂಟದ ಮೇಲೆ ಬರುವ ಪುಟ್ಟ ತಮ್ಮಂದಿರಿಗೆ ಸಿಕ್ಕಿದ್ದೆಲ್ಲ ಬಾಯಿಗೇ. ಈಗ ಕಣ್ಣು ಬರೀ ದಾರದ ಗಂಟು. ಟೊಮೆಟೊ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಚೊಂಬು ಗುಲಾಬಿಯಾಯ್ತು. ಬಟ್ಟೆ ಮೊದಲೇ ನೆನೆಹಾಕು ಅಂತ ಅಮ್ಮ ಹೇಳಿದ್ದರು, ಕೇಳಲಿಲ್ಲ.

3ನೇ ಶನಿವಾರ

ಶುಂಠಿಯ ಹಾಳೆ ಹಿಡಿದು "ಇದೇನು ಪುಟ್ಟಾ?" ಅಂದೆ. ನಾಲ್ಕು ವರ್ಷದ ಹುಡುಗ "ಅಲ್ಲ" ಅಂದ.

"ಶುಂಠಿ ಅಲ್ವಾ? ಮತ್ತೇನು?"

"ಅಲ್ಲ."

ಮೂರನೇ ಸಲ ಕೇಳಿದಾಗ ಅವನಿಗೆ ಅಳುವೇ ಬಂತು. ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲೇ ನಕ್ಕುಬಿಟ್ಟರು: "ಅಕ್ಕಾರ, ಅಂವಾ ಖರೇನ ಹೇಳಾಕತ್ತಾನ್ರೀ. ಅಲ್ಲ ಅಂದ್ರ ನಿಮ್ಮ ಶುಂಠಿ."

ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಅವನ ಚೊಂಬು ತಂಬಿಗಿ, ಈರುಳ್ಳಿ ಉಳ್ಳಾಗಡ್ಡಿ, ಕಡಲೆಕಾಯಿ ಶೇಂಗಾ. ಕನ್ನಡ ಬರಲ್ಲ ಅಂತ ನಾವು ಹೇಳಿಕೊಂಡು ತಿರುಗಿದ್ದು ಇವನ ಬಗ್ಗೆ! ರಾತ್ರಿ ಕೂತು ಕಸೂತಿಯ ಹೆಸರುಗಳನ್ನೆಲ್ಲ ಬಿಚ್ಚಿದೆ. ಅವುಗಳ ಜಾಗದಲ್ಲಿ ಚೀಟಿ ತೂರಿಸುವ ಜೇಬು.

4ನೇ ಶನಿವಾರ

ಶುಂಠಿಯ ಜೇಬಲ್ಲಿ ಈಗ ಶುಂಠಿ, ಅಲ್ಲ, ಬಂಗಾಳಿಯ ಆದಾ. ಚಿಂತಾಮಣಿ ಕಡೆಯ ಸಹಾಯಕಿ ತಮ್ಮ ಮನೆಯ ತೆಲುಗಿನ ಅಲ್ಲಂ ಸೇರಿಸಿದರು. ರೊಟ್ಟಿಗೆ ಲಂಬಾಣಿಯ ಬಾಟಿ. ಚೀಟಿಗಳೆಲ್ಲ ಕನ್ನಡ ಲಿಪಿಯಲ್ಲೇ. ಓದಿ ಹೇಳಬೇಕಾದವರು ಟೀಚರ್ ತಾನೆ.

5ನೇ ಶನಿವಾರ

ಅಲ್ಲದ ಹುಡುಗ ಇಲ್ಲ. ಸ್ಲ್ಯಾಬ್ ಮುಗಿಯಿತು, ಮೇಸ್ತ್ರಿ ಅವರ ಗುಂಪನ್ನು ಬೇರೆ ಸೈಟಿಗೆ ಕರೆದೊಯ್ದ. ಅಂಗನವಾಡಿಯವರ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಇನ್ನೊಂದು ಅಂಗನವಾಡಿಗೆ ವರ್ಗಾಯಿಸಬಹುದು. ಆದರೆ ಎಲ್ಲಿಗೆ ಹೋಗುತ್ತೇವೆ ಅಂತ ಹೊರಡುವ ದಿನದವರೆಗೂ ತಾಯಿಗೇ ಗೊತ್ತಿರಲಿಲ್ಲ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಸೈಟಿನಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕು ಅನ್ನುತ್ತಿತ್ತು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಇಲ್ಲಿ ನಾನು ಎಣಿಸಿದ್ದು 19 ಹೆಂಗಸರು. ದೆಹಲಿಯ ಮೊಬೈಲ್ ಕ್ರೆಶಸ್ ಸಂಸ್ಥೆಯವರು 1969ರಲ್ಲೇ ಶಿಶುವಿಹಾರವನ್ನು ಸೈಟಿಗೇ ಒಯ್ದರು. ನನ್ನ ಕೈಲಾಗುವುದು ಹೊಲಿಗೆ. ಹಾಗಾಗಿ ಅಂಗನವಾಡಿಗೊಂದು ದಪ್ಪ ಪುಸ್ತಕ ಅನ್ನುವ ಯೋಜನೆ ಕೈಬಿಟ್ಟೆ. ಮಗುವಿಗೊಂದು, ನಾಲ್ಕೇ ಹಾಳೆಯದು, ಗಂಟುಮೂಟೆಯಲ್ಲಿ ಹೋಗುವಂಥದ್ದು.

6ನೇ ಶನಿವಾರ

ನಾಲ್ಕು ಪುಟ್ಟ ಪುಸ್ತಕ ತಯಾರು, ಇನ್ನು ಏಳು ಬಾಕಿ. ಹೊಲಿಯುತ್ತ ಕೂತಿದ್ದಾಗ ಸಹಾಯಕಿ ಟೀ ತಂದರು. ಒಂದು ಗುಟುಕು ಕುಡಿದ ಟೀಚರ್, "ಇವತ್ತು ಅಲ್ಲ ಹಾಕಿಲ್ವೇನ್ರೀ?" ಅಂದರು.

ಮುಂದಿನ ಕೆಲಸ ಆಲೂಗಡ್ಡೆ ಹಾಳೆ. ಮಣ್ಣಿನ ಬಣ್ಣದ ಬಟ್ಟೆ ಇನ್ನೂ ಸಿಕ್ಕಿಲ್ಲ.